ನರ್ಸ್ ಕೇಳಿದ್ದಕ್ಕೆ ನಾನು ಹೇಳಿದ್ದು

ಈಗ ನಮ್ಮ ಮನೆಯಲ್ಲಿ ಯಾವ ಮಾತನ್ನೂ ಒಂದೇ ಸಲಕ್ಕೆ ಆಡಿ ಮುಗಿಸುವಂತಿಲ್ಲ. ‘ಊಟಕ್ಕ ಬರ್ರಿ’ ಅನ್ನಲಿಕ್ಕೂ ಮೂರು ಸಲ ಗಂಟಲು ಹರಿದುಕೊಳ್ಳಬೇಕು. ಗಂಡ ಹೆಂಡತಿ ದಿನಾ ಜಗಳ ಆಡುತ್ತೇವೆಂದೇ ಓಣಿಯವರು ತಿಳಿದಿದ್ದಾರೆ. ಜಗಳ ಆಡುವಷ್ಟು ತ್ರಾಣ ನನ್ನಲ್ಲಿ ಎಲ್ಲಿ ಉಳಿದಿದೆ?

ಬ್ಯಾಡಗಿಯಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ. ಕಬ್ಬಿಣದ ಒನಕೆಗಳು ಬೆಳಗಿನಿಂದ ಸಂಜೆತನಕ ಧಡಧಡ ಬೀಳುತ್ತವೆ. ಘಾಟಿಗೆ ಹೆದರಿ ಮೂಗು ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಳ್ಳುತ್ತಿದ್ದೆವು. ಕಿವಿಯ ಚಿಂತೆ ಯಾರಿಗಿತ್ತು? ನಮ್ಮ ಮನೆಯವರಂತೂ ಒನಕೆಯ ಸದ್ದು ಕೇಳಿಯೇ ಖಾರ ನುಣ್ಣಗಾಯಿತೋ ಇಲ್ಲವೋ ಹೇಳುತ್ತಿದ್ದರು. ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುವುದು ಇಬ್ಬರಿಗೂ ರೂಢಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಅವರಿಗೆ ಎರಡನೇ ಸಲ ಟಿಬಿ ಬಂತು. ಈ ಸಲ ಗುಳಿಗೆಯ ಜೊತೆಗೆ ದಿನಾ ಇಂಜೆಕ್ಷನ್. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅವರು ಬಾಯಿ ತೆರೆಯುವ ಮೊದಲೇ ಅವರ ಉತ್ತರ ನಾನು ಕೊಡುವುದು ನನ್ನ ಹಳೆಯ ಚಾಳಿ. ಒಂದು ದಿನ ನರ್ಸ್ ಅವರನ್ನು ಕೇಳಿದರು: ‘ಯಜಮಾನ್ರ, ಕಿವ್ಯಾಗ ಗುಂಯ್ ಅಂತೈತೇನ್ರಿ?’

‘ಅದು ಗಿರಣಿದು ರೀ ಅಕ್ಕಾರ, ಮದ್ಲಿಂದ ಐತಿ,’ ಅಂದೆ ನಾನು. ಗಿರಣಿಯ ಮುಂದೆ ಗಿರಾಕಿಗಳು ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು, ಲಗೂ ಹೊರಟರೆ ಸಾಕಾಗಿತ್ತು. ನರ್ಸ್ ನನ್ನ ಮಾತು ನಂಬಿದರು.

ಟಿಬಿ ವಾಸಿಯಾಯಿತು. ಕಿವಿ ಹೋಯಿತು. ಹಾವೇರಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಆ ಇಂಜೆಕ್ಷನ್ ಕೆಲವರ ಕಿವಿಗೆ ಪೆಟ್ಟು ಕೊಡುತ್ತದೆ, ಅದರ ಮೇಲೆ ಗಿರಣಿಯ ಸದ್ದು ಬೇರೆ, ಎಂದರು. ಗುಂಯ್ ಅನ್ನುವುದು ಹೆಚ್ಚಾದಾಗಲೇ ತಿಳಿಸಿದ್ದರೆ ಔಷಧ ಬದಲಿಸಿ ನೋಡಬಹುದಿತ್ತಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಕಾಯ್ದುಕೊಳ್ಳಿ ಅಂದರು. ಈಗ ಗಿರಣಿಯಲ್ಲಿ ಇಬ್ಬರೂ ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನಿನಂಥದ್ದು ಹಾಕಿಕೊಳ್ಳುತ್ತೇವೆ. ಬೆವರಿಗೆ ತುರಿಸುತ್ತದೆ, ಆದರೂ ತೆಗೆಯುವುದಿಲ್ಲ.

ಇಷ್ಟು ವರ್ಷ ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿ ಹೋಗಿತ್ತು. ಮೊನ್ನೆ ಗಿರಣಿ ಬಂದ್ ಮಾಡಿದ ಮೇಲೆ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: ‘ಆವತ್ತು ನರ್ಸ್ ಮುಂದ ನಿಮ್ಮನ್ನ ಕೇಳದನ ಗಿರಣಿದು ಅಂದಾಕಿ ನಾನ ರೀ. ನನ್ನಿಂದ ನಿಮ್ಮ ಕಿವಿ ಹೋತು.’

ಅವರು ಖಾರದ ಕೈ ಒರೆಸಿಕೊಂಡರು.

‘ಗೊತ್ತೈತಿ,’ ಅಂದರು. ‘ನಾನೂ ಅಲ್ಲೇ ಕುಂತಿದ್ನಲ್ಲ. ಆವಾಗ ನನಗ ಕೇಳತಿತ್ತು.’