ಸರ್ಕಾರದ ದುಡ್ಡು ಬರುವ ತನಕ

ಇಂಡಿ ಪಟ್ಟಣದಿಂದ ಹಳ್ಳಿಗೆ ಹೋಗುವ ಟೆಂಪೋದಲ್ಲಿ ಸೀಟು ಸಿಗದಿದ್ದರೆ ನಿಂಬೆಹಣ್ಣಿನ ಚೀಲದ ಮೇಲೆ ಕೂರಬೇಕು. ಇವತ್ತು ಹಾಗೆ ಕೂತು ಬಂದೆ. ಬಟ್ಟೆಗೆಲ್ಲ ಹತ್ತಿದ ಆ ವಾಸನೆಗೆ ಕಲ್ಲವ್ವನ ಅಂಗಳ ನೆನಪಾಯಿತು.

ಅದು ಹೋದ ವರ್ಷದ ಮಾತು. ದಿನಚರಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ನೀವು ಕೇಳಿದರೆ ತೋರಿಸುತ್ತೇನೆ, ಇದುವರೆಗೆ ಯಾರೂ ಕೇಳಿಲ್ಲ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಅತಿಥಿ ಉಪನ್ಯಾಸಕಿ. ತರಗತಿ ತುಂಬಿದರೆ ಅವರ ಕೆಲಸ ಉಳಿಯುತ್ತದೆ. ಅದಕ್ಕೇ ಪ್ರವೇಶದ ದಿನಗಳಲ್ಲಿ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆಯುತ್ತಾರೆ. ವಿದ್ಯಾರ್ಥಿವೇತನ ಪಡೆದವಳೆಂದು ನನ್ನನ್ನೂ ಒಯ್ಯುತ್ತಾರೆ. ಬುಟ್ಟಿಯ ಮೇಲಿಡುವ ಒಳ್ಳೆಯ ಹಣ್ಣಿನ ಹಾಗೆ ನಾನು ಎಲ್ಲ ಮನೆಗಳಲ್ಲಿ ಮುಂದೆ ಕೂರುತ್ತೇನೆ.

ಕಲ್ಲವ್ವನ ಅಂಗಳದಲ್ಲಿ ಓಣಿಯ ಹೆಂಗಸರು ನಿಂಬೆಹಣ್ಣು ಆರಿಸುತ್ತಿದ್ದರು. ಮಗಳು ಸಂಗೀತಾ ಪಿಯುಸಿ ಪಾಸಾಗಿದ್ದಳು. ಕಾಲೇಜು ಸೇರಲು ಮರುದಿನವೇ ಕಡೆಯ ದಿನ. ತಪ್ಪಿದರೆ ಅವಳೂ ಹಣ್ಣು ಆರಿಸಲು ಕೂರುವವಳೇ.

"ಫೀ ಸರ್ಕಾರನ ಕೊಡತೈತ್ರೀ ಅವ್ವಾರ. ಈಕಿಗೂ ಬಂದೈತಿ, ಕೇಳ್ರಿ," ಎಂದರು ಮೇಡಂ.

"ಯಾವಾಗ ಬಂತ ತಂಗಿ?" ಎಂದು ಕಲ್ಲವ್ವ ನನ್ನನ್ನೇ ಕೇಳಿದಳು.

"ಮೊದಲನೇ ವರ್ಷದ್ದು ಎರಡನೇ ವರ್ಷದಾಗ ಬಂತ್ರಿ," ಎಂದೆ. ತಾರೀಖನ್ನೂ ಹೇಳುವವಳಿದ್ದೆ, ಮೇಡಂ ಮುಖ ನೋಡಿ ಬಿಟ್ಟೆ.

"ಹುಡುಗ್ಯಾರು ವರ್ಷಾ ವರ್ಷಾ ಹೆಚ್ಚಾಗಾಕತ್ತಾರ್ರಿ, ಸರ್ಕಾರದ ರೊಕ್ಕ ಕಂತಿನ್ಯಾಗ ಬರತೈತಿ," ಎಂದು ಮೇಡಂ ಮೆಲ್ಲಗೆ ಸೇರಿಸಿದರು.

"ಅಲ್ಲೀತನಕ ಯಾರು ತುಂಬಬೇಕ್ರಿ?" ಎಂದಳು ಕಲ್ಲವ್ವ.

ಸಂಗೀತಾ ತಲೆ ಎತ್ತದೆ ಹಣ್ಣು ಆರಿಸುತ್ತಲೇ ಇದ್ದಳು.

ಆ ಹೆಂಗಸರು ಒಂದು ಭಿಶಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರೂ ಸಮನಾಗಿ ದುಡ್ಡು ಹಾಕುವುದು, ಚೀಟಿ ಎತ್ತಿ ಹೆಸರು ಬಂದವಳು ಒಯ್ಯುವುದು. ಆ ತಿಂಗಳ ಚೀಟಿ ಅವರಲ್ಲೊಬ್ಬಳಾದ ಶರಣವ್ವನಿಗೆ ಬಂದಿತ್ತು. ಮಾಳಿಗೆ ಸೋರುತ್ತಿತ್ತು, ತಗಡು ಹೊದಿಸಬೇಕಿತ್ತು ಅವಳಿಗೆ. ಅವಳೇ ಬಾಯಿ ಬಿಟ್ಟಳು: "ನಂದು ಕಲ್ಲವ್ವಗ ಕೊಡ್ರಿ. ಸೋರಿದ್ರ ಬೋಗುಣಿ ಇಡ್ತೇನಿ."

"ಅಂದ್ರ ಸರ್ಕಾರಕ್ಕ ನಾವ ಕೈಗಡ ಕೊಟ್ಟಂಗಾತಲ್ಲ!" ಎಂದಳು ಒಬ್ಬಳು.

"ಬಡ್ಡಿ ಕೇಳೂಣೇನು?" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ.

ಸಂಗೀತಾ ಈಗ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಮೊದಲ ವರ್ಷದ ದುಡ್ಡು ಇನ್ನೂ ಬಂದಿಲ್ಲ. ತರಗತಿಯಲ್ಲಿ ಬೆಂಚು ಸಾಲದಷ್ಟು ಹುಡುಗಿಯರಿದ್ದಾರೆ.

ಈ ಸಲವೂ ಮೇಡಂ ಜೊತೆ ಹೊರಟಿದ್ದೇನೆ. ಪ್ರತಿ ಮನೆಗೆ ಹೋದ ಕೂಡಲೇ ದುಡ್ಡು ತಡವಾಗುವ ಮಾತನ್ನು ನಾನೇ ಹೇಳಿಬಿಡುತ್ತೇನೆ. ಆಮೇಲೆ ಮೇಡಂ ಕೇಳುತ್ತಾರೆ, "ನಿಮ್ಮ ಓಣ್ಯಾಗ ಭಿಶಿ ಐತೇನ್ರಿ?"

ಇವತ್ತಿನ ಮನೆಯಲ್ಲಿ "ಇಲ್ರೀ" ಎಂದರು. ನಾವು ಕಾಲೇಜಿಗೆ ಕರೆಯಲು ಹೋಗಿದ್ದ ಹುಡುಗಿಯೇ ಚಹಾ ತಂದುಕೊಟ್ಟಳು. ಕುಡಿದು ಎದ್ದೆವು.