ಗಿರಿಜೆ ಬಂದುಹೋದ ಸಿನಿಮಾ

ಕಳೆದ ವಾರ ಮೊಮ್ಮಗಳು ತನ್ನ ಫೋನನ್ನು ನನ್ನ ಮೂಗಿಗೆ ತಾಗಿಸುವಂತೆ ಹಿಡಿದು, "ಅಜ್ಜಿ, ಇದು ನಮ್ಮ ಚಿತ್ರದುರ್ಗಾನೇ ಅಲ್ವಾ?" ಎಂದಳು. ಮಸುಕಾದ ಕಪ್ಪು ಬಿಳುಪಿನ ಹಳೇ ಸಿನಿಮಾ. ಒದ್ದೆ ಬೀದಿ, ಬೀಡಿ ಹೊಗೆ, ಟೋಪಿ ಹಾಕಿದ ಒಬ್ಬ ಪತ್ತೇದಾರ. ಹಿಂದೆ ಬೆಟ್ಟದ ಬಂಡೆಗಳೂ ಕಾಣುತ್ತಿದ್ದವು. ಆದರೆ ನನಗೆ ಮೊದಲು ಗುರುತು ಸಿಕ್ಕಿದ್ದು ನಮ್ಮತ್ತೆ ಸೀರೆ ಒಣಹಾಕುತ್ತಿದ್ದ ಹಗ್ಗ!

ನಾನು ಹರಿಯಬ್ಬೆಯಿಂದ ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದ ವರ್ಷ ಅದು. ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಓಣಿಯಲ್ಲಿ ಎರಡು ಲಾಡ್ಜು, ಒಂದು ಹಿಟ್ಟಿನ ಗಿರಣಿ, ಮಿಕ್ಕವೆಲ್ಲ ಸಂಸಾರಸ್ಥರ ಮನೆ. ಬೆಂಗಳೂರಿನಿಂದ ಬಂದ ಸಿನಿಮಾದವರ ಕಣ್ಣಿಗೆ ಅದು ಮಹಾನಗರದ ಕೊಳಕು ಗಲ್ಲಿಯಂತೆ ಕಂಡಿತಂತೆ. ಬಡ ಕಂಪನಿ. ದೊಡ್ಡ ದೀಪಗಳಿರಲಿಲ್ಲ; ಮಟಮಟ ಮಧ್ಯಾಹ್ನವೇ ಕ್ಯಾಮೆರಾಕ್ಕೆ ಕರಿ ಗಾಜು ಹಾಕಿ ರಾತ್ರಿ ಮಾಡಿಕೊಂಡರು. ಮಳೆಗೆಂದು ಟ್ಯಾಂಕರ್ ತರಿಸಿದರು. ದುರ್ಗದಲ್ಲಿ ನೀರನ್ನು ಸುಮ್ಮನೆ ನೆಲಕ್ಕೆ ಸುರಿದರೆ ಹೆಂಗಸರು ಬಿಟ್ಟಾರೆಯೇ? ಕೊಡ ಹಿಡಿದು ಮಳೆಗೆ ಅಡ್ಡ ನಿಂತೆವು. ಹೊಸ ಸೊಸೆಯ ಗಾಂಭೀರ್ಯ ಮರೆತು ನಾನೇ ಎಲ್ಲರಿಗಿಂತ ಮುಂದೆ. ಪಾಪ, ಪತ್ತೇದಾರ ಒಣ ಬೀದಿಯಲ್ಲಿ ಬಹಳ ಹೊತ್ತು ಕಾದ.

ಎದುರುಮನೆಯ ಗಿರಿಜೆ ನನ್ನ ಓರಗೆಯವಳು, ಆ ಓಣಿಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅವಳಪ್ಪನದು ಎಣ್ಣೆ ವ್ಯಾಪಾರ. ಹೊಸದುರ್ಗದ ಗಂಡು ಗೊತ್ತಾಗಿತ್ತು. ಗದ್ದಲ ನೋಡಲು ಮಹಡಿಯ ಕಿಟಕಿಗೆ ಬಂದ ಅವಳನ್ನು ಕಂಡು ಡೈರೆಕ್ಟರು, "ಹಾಗೇ ಇರಮ್ಮ, ಕದಲಬೇಡ" ಎಂದು ಕೂಗಿದರು. ಸಂಜೆ ನಮ್ಮ ಹಿತ್ತಲಿಗೆ ಓಡಿಬಂದು, "ಲೇ, ನಾನೂ ಸಿನಿಮಾದಾಗೆ ಬರ್ತೀನಂತೆ ಕಣೆ!" ಎಂದು ನನ್ನ ಎರಡೂ ಕೈ ಹಿಡಿದು ಕುಣಿದಳು.

ಸಿನಿಮಾ ಬಂತು. ಅದೊಂದು ಕೊಲೆಯ ಕತೆ; ಅದರಲ್ಲಿ ಗಿರಿಜೆಯ ಮನೆ ಕೆಟ್ಟ ಹೆಂಗಸರ ಮನೆ. ಚಿತ್ರ ಒಂದು ವಾರವೂ ಓಡಲಿಲ್ಲ, ಮಾತು ಓಡಿತು. ಹೊಸದುರ್ಗ ಮುಟ್ಟುವಷ್ಟರಲ್ಲಿ ಕಿಟಕಿಯ ಹುಡುಗಿ ಕಣ್ಣು ಹೊಡೆದಿದ್ದಳು, ಸೆರಗು ಜಾರಿಸಿದ್ದಳು. ಗಂಡಿನ ಕಡೆಯ ಹಿರಿಯರೊಬ್ಬರು ಬಂದು ಬಾಗಿಲಾಚೆಯೇ ನಿಂತರು.

"ಒಳಗ್ ಬರ್ರಿ, ಕುಂತ್ಕಳ್ರಿ" ಎಂದರು ಗಿರಿಜೆಯ ಅಪ್ಪ.

"ಕುಂತ್ಕಳಾಕೆ ಬಂದಿಲ್ಲ ಸಾವ್ಕಾರ್ರೆ. ನಿಮ್ ಮಗಳು ಒಳ್ಳೇಳೇ ಇರಬೌದು. ಆದ್ರೆ ಜನ ಆಡ್ಕೆಂತಾರಲ್ಲ."

ಅವರು ಹೋದ ಮೇಲೆ ಅಪ್ಪ ಮಗಳನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು. ಟಾಕೀಸಿಗೆ ಹೋಗಿ ಅದೇನೆಂದು ನೋಡಿಬರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ನಮ್ಮತ್ತೆ ನನ್ನನ್ನೂ ಹೋಗಲು ಬಿಡಲಿಲ್ಲ. ಕೊನೆಗೆ ಗಿರಿಜೆಯನ್ನು ಹಿರಿಯೂರಿನಲ್ಲಿ, ಹೆಂಡತಿ ಕಳೆದುಕೊಂಡಿದ್ದ, ವಯಸ್ಸಿನಲ್ಲಿ ಬಹಳ ದೊಡ್ಡವರೊಬ್ಬರಿಗೆ ಕೊಟ್ಟರು. ಅವರು ಒಳ್ಳೆಯವರೇ. ಅವರ ಮಗನನ್ನು ಇವಳು ಹೆತ್ತ ಮಗನಂತೆಯೇ ಬೆಳೆಸಿದಳು. ಆ ಸಿನಿಮಾದ ಮಾತು ಮಾತ್ರ ನಮ್ಮಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

ಫೋನಿನಲ್ಲಿ ಅವಳ ದೃಶ್ಯ ಬಂದಾಗ ನನಗೆ ಮುಂದೆ ನೋಡಲಾಗಲಿಲ್ಲ. ಮಾರನೆಯ ದಿನವೇ ಮೊಮ್ಮಗಳನ್ನು ಕರೆದುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ತೋರಿಸುವುದೋ ಬೇಡವೋ ಎಂದು ದಾರಿಯುದ್ದಕ್ಕೂ ತೊಳಲಾಡಿದೆ. ಗಂಡ ತೀರಿಕೊಂಡ ಮೇಲೆ ಗಿರಿಜೆ ಆ ಮಗನ ಜೊತೆಯಲ್ಲೇ ಇದ್ದಾಳೆ. ಕಾಫಿ ಕುಡಿದಾದ ಮೇಲೆ ಅಳುಕುತ್ತಲೇ ವಿಷಯ ಹೇಳಿದೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡಳು.

"ಹಾಕು, ನೋಡಾಣ" ಎಂದಳು.

ಪತ್ತೇದಾರ ತಲೆ ಎತ್ತುತ್ತಾನೆ. ಮೇಲಿನ ಕಿಟಕಿಯಲ್ಲಿ ಒಬ್ಬಳು ಹುಡುಗಿ ಗಲ್ಲಕ್ಕೆ ಕೈಯಿಟ್ಟುಕೊಂಡು ಬೀದಿ ನೋಡುತ್ತಿದ್ದಾಳೆ. ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ ದೃಶ್ಯ.

"ಮುಗೀತಾ?"

"ಹ್ಞೂಂ."

"ಇಷ್ಟೇನಾ?" ಗಿರಿಜೆ ಕನ್ನಡಕ ತೆಗೆದಳು. "ನಾನು ನಕ್ಕಿದ್ದೆ ಅಂದ್ಕಂಡಿದ್ದೆ ಕಣೆ. ಏನೋ ಮಾಡ್ಬಿಟ್ಟಿದೀನಿ, ಅದಕ್ಕೇ ನಮ್ಮಪ್ಪ ಸಾಯೋತಂಕ ನನ್ ಮಖ ನೋಡ್ಲಿಲ್ಲ ಅಂತ... ನಾನು ನಕ್ಕೇ ಇಲ್ವಲ್ಲೇ."

ಅವಳು ಮೊಮ್ಮಗಳ ಕಡೆ ತಿರುಗಿ, "ಇನ್ನೊಂದ್ ಸಲ ಹಾಕವ್ವ" ಎಂದಳು. ಹಾಕಿದಳು. ಮತ್ತೊಂದು ಸಲ. ಮತ್ತೆ.

ಕೊಲೆಗಾರ ಯಾರು ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಆ ಮಧ್ಯಾಹ್ನವೆಲ್ಲ ನಾವು ಆ ಹುಡುಗಿಯನ್ನು ದಾಟಿ ಮುಂದಕ್ಕೆ ಹೋಗಲೇ ಇಲ್ಲ.