ತುಟಿಗೆ ಕೂತ ಹೆಸರು

ಮೈಕಿನ ಮುಂದೆ ಅತ್ತಷ್ಟು ನಾನು ನನ್ನ ಸ್ವಂತ ಬದುಕಿನಲ್ಲಿ ಅತ್ತಿಲ್ಲ. ಯಾರ್ಯಾರದೋ ಸೊಸೆಯಾಗಿ, ದೆವ್ವವಾಗಿ, ಸಾಯುವ ತಾಯಿಯಾಗಿ ಚೆನ್ನೈನ ವಡಪಳನಿಯ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಕನ್ನಡದ ಮಾತು ಬರೆಯುವವರು ನಮ್ಮ ಯಜಮಾನರು, ಉಡುಪಿ ಕಡೆಯವರು. ತಮಿಳು ಚಿತ್ರದಲ್ಲಿ ನಟಿಯ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ಕನ್ನಡದಲ್ಲೂ ತುಟಿ ಮುಚ್ಚುವ ಅಕ್ಷರವೇ ಬರಬೇಕು. ಅದರಲ್ಲಿ ಅವರದು ಎತ್ತಿದ ಕೈ.

ಆ ಸಲ ಬಂದದ್ದು ಒಂದು ಆರ್ಟ್ ಫಿಲಂ. ಒಬ್ಬ ಲೇಖಕ, ಅವನಿಗೆ ಸ್ಫೂರ್ತಿಯಾದ ಒಬ್ಬ ಹೆಂಗಸು. ಸ್ಫೂರ್ತಿಯಂತೆ, ಮಣ್ಣಾಂಗಟ್ಟಿ! ಅವಳ ಜಗಳ, ಜ್ವರ, ಕಣ್ಣೀರು ಎಲ್ಲವನ್ನೂ ಆ ಪುಣ್ಯಾತ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿರುತ್ತಾನೆ.

ಗಾಜಿನ ಆಚೆ ತಮಿಳಿನ ಎಂಜಿನಿಯರ್, ಅವನ ಪಕ್ಕ ಇವರು. ಪರದೆಯ ಮೇಲೆ ಆ ಹೆಂಗಸು ಸತ್ತುಹೋದ ತನ್ನ ಮಗುವನ್ನು ಹೆಸರು ಹಿಡಿದು ಕರೆಯುತ್ತಾಳೆ. ಲೇಖಕ ಬಾಗಿಲ ಸಂದಿಯಿಂದ ನೋಡುತ್ತ ಬರೆದುಕೊಳ್ಳುತ್ತಾನೆ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ, ತಮಿಳಿನ ಹೆಸರಿನ ಬದಲು ಇವರು ಬರೆದಿದ್ದ ಹೆಸರನ್ನು ಓದಿದೆ.

ಹನ್ನೊಂದು ವರ್ಷದ ಹಿಂದೆ ಹೊಟ್ಟೆಯಲ್ಲೇ ಐದು ತಿಂಗಳಿಗೆ ಹೋದ ನನ್ನ ಮಗುವಿಗೆ ನಾನು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಅದು. ಅಮ್ಮನಿಗೂ ಹೇಳಿರಲಿಲ್ಲ. ಅಡ್ಯಾರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರೊಬ್ಬರಿಗೇ, ಅದೂ ಒಂದೇ ಸಲ, ಹೇಳಿದ್ದೆ. "ಯಾರಿಗೂ ಹೇಳ್ಬೇಡಿ" ಅಂದಾಗ ಇವರು ನನ್ನ ಕೈ ಹಿಡಿದು ತಲೆಯಾಡಿಸಿದ್ದರು. ಈಗ ಅದನ್ನು ಊರಿಗೆಲ್ಲ ಕೇಳಿಸಬೇಕು, ಅದೂ ನನ್ನದೇ ಬಾಯಿಂದ.

ಟೇಕ್ ಶುರುವಾಯಿತು. ಬಿಕ್ಕಿ ಬಿಕ್ಕಿ ಅತ್ತೆ. ಹೆಸರು ಬರುವಲ್ಲಿ ಬಾಯಿ ಬಿಗಿದು ನಿಂತೆ. ಪರದೆಯವಳ ತುಟಿ ಮಾತ್ರ ಆಡಿತು.

"ಮೇಡಂ, ಪೇರು ಮಿಸ್ ಆಯಿಡುಚ್ಚು. ಒನ್ ಮೋರ್?" ಎಂದ ಎಂಜಿನಿಯರ್.

ಎರಡನೆಯ ಸಲವೂ ಅಷ್ಟೇ. ಇವರು ಆಚೆಯ ಮೈಕಿಗೆ ಬಗ್ಗಿದರು. "ಎಂಥ ಆಯ್ತು ಮಾರಾಯ್ತಿ? ಗಂಟಲು ಕಟ್ಟಿತಾ? ಬಿಸಿನೀರು ತರಿಸ್ಲಾ?"

ಮೈಯೆಲ್ಲ ಉರಿದುಹೋಯಿತು. ಕದ್ದದ್ದೂ ಅಲ್ಲದೆ ಬಿಸಿನೀರಿನ ಉಪಚಾರ ಬೇರೆ!

"ಈ ಹೆಸರು ನಾನು ಹೇಳುದಿಲ್ಲ. ಬೇರೆ ಬರೀರಿ."

"ಅಯ್ಯೋ, ಅಲ್ಲಿ ಕ್ಲೋಸಪ್ ಉಂಟು. ಎಷ್ಟು ಚಂದ ತುಟಿಗೆ ಕೂತಿದೆ ನೋಡು."

"ಬೇರೆ ಬರೀತೀರಾ, ಇಲ್ಲ ನಾನು ಮನೆಗೆ ಹೋಗ್ಲಾ?"

ಎಂಜಿನಿಯರ್ ಕುರ್ಚಿ ತಿರುಗಿಸಿ ಇಬ್ಬರ ಮುಖವನ್ನೂ ನೋಡಿದ. ಇವರು ಗೊಣಗುತ್ತ ಒಳಗೆ ಬಂದು, ನನ್ನ ಹಾಳೆಯಲ್ಲಿ ಆ ಹೆಸರನ್ನು ಹೊಡೆದುಹಾಕಿ ಇನ್ನೊಂದು ಗೀಚಿದರು. ಅದನ್ನು ಹೇಳಿದೆ. ಟೇಕ್ ಓಕೆ ಆಯಿತು.

ಮನೆಗೆ ಹೋಗಲು ಇಬ್ಬರೂ ಆಟೋ ಹತ್ತಿದೆವು. ಬೈಯಲು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ನಿಮಗೂ ಆ ಸಿನಿಮಾದವನಿಗೂ ಏನು ವ್ಯತ್ಯಾಸ ಎಂದು ಕೇಳುವವಳಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಇವರೇ ಕೇಳಿದರು.

"ಅಲ್ಲ, ಆ ಹೆಸರಲ್ಲಿ ಎಂಥ ತಪ್ಪಿತ್ತು? ಬರೆಯುವಾಗ ತನ್ನಿಂದ ತಾನೇ ಬಂತು. ಎಲ್ಲೋ ಕೇಳಿದ ಹಾಗಿತ್ತು."

ಮುಖ ನೋಡಿದೆ. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಹೊರಟರೆ ಮೊದಲು ಕಿವಿ ಕೆಂಪಾಗುತ್ತದೆ. ಕಿವಿ ಎಂದಿನಂತೆಯೇ ಇತ್ತು. ಇವರು ಮರೆತಿದ್ದರು. ಕದ್ದಿದ್ದರೇ ಚೆನ್ನಾಗಿತ್ತು ಅನಿಸಿತು.

"ಎಂಥದೂ ಇಲ್ಲ, ನಂಗೆ ಹಿಡಿಸ್ಲಿಲ್ಲ" ಅಂದೆ.

ಅದು ಯಾರ ಹೆಸರೆಂದು ಗೊತ್ತಿರುವವಳು ಈಗ ನಾನೊಬ್ಬಳೇ.